ಫೋನ್ ಎತ್ತುವವರ ಕೈಯಲ್ಲಿ ಏನಿದೆ?

ಈ ಅಂಕಣದಲ್ಲಿ ನೀವು ಸಾಮಾನ್ಯವಾಗಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮಕ್ಕಳ ವಾಂತಿಭೇದಿ ಇಂಥ ವಿಷಯಗಳನ್ನು ಓದುತ್ತೀರಿ. ಈ ವಾರ ಒಂದು ಕೊಠಡಿಯ ವಿಷಯ. ಆರೋಗ್ಯಕ್ಕೂ ಕೊಠಡಿಗೂ ಏನು ಸಂಬಂಧ ಎಂದು ಪುಟ ತಿರುಗಿಸಬೇಡಿ. ಒಳ್ಳೆಯ ಔಷಧಿ ಇದ್ದೂ, ಒಳ್ಳೆಯ ವೈದ್ಯರಿದ್ದೂ ರೋಗಿ ದಾರಿಯಲ್ಲೇ ತೀರಿಕೊಳ್ಳುವುದಕ್ಕೆ ಬಹಳ ಸಲ ಈ ಕೊಠಡಿ ಇಲ್ಲದಿರುವುದೇ ಕಾರಣ.

ತುರುವೇಕೆರೆ ತಾಲ್ಲೂಕಿನ ಸಂಪಿಗೆಯನ್ನೇ ತೆಗೆದುಕೊಳ್ಳಿ. ಶ್ರೀನಿವಾಸ ದೇವಾಲಯದಿಂದ ಹೆಸರಾದ ಊರು. ಅದರ ಹೆಸರಿನಲ್ಲಿ ಸಂಪಿಗೆ ರೋಡ್ ಎಂಬ ರೈಲು ನಿಲ್ದಾಣವೂ ಇದೆ. ಸುತ್ತ ಎಲ್ಲಿ ನೋಡಿದರೂ ತೆಂಗಿನ ತೋಟ. ತೋಟದ ಮನೆಯೆಂದರೆ ಹಿತ್ತಿಲಲ್ಲಿ ಮಟ್ಟೆಯ ರಾಶಿ, ಅಟ್ಟದಲ್ಲಿ ಕೊಬ್ಬರಿ, ಕೊಬ್ಬರಿಗೆ ಇಲಿ, ಇಲಿಯ ಹಿಂದೆ ಹಾವು. ರಾತ್ರಿ ಹತ್ತು ಗಂಟೆಗೆ ಒಲೆಗೆಂದು ಮಟ್ಟೆ ತೆಗೆಯಲು ಹೋದ ಹೆಣ್ಣುಮಗಳಿಗೆ ಕೊಳಕುಮಂಡಲ ಕಡಿಯಿತು ಎಂದಿಟ್ಟುಕೊಳ್ಳೋಣ. ಮನೆಯವರು ಎಲ್ಲಿಗೆ ಹೋಗಬೇಕು?

ತುರುವೇಕೆರೆಯ ತಾಲ್ಲೂಕು ಆಸ್ಪತ್ರೆಗೋ, ತಿಪಟೂರಿನ ಸಾರ್ವಜನಿಕ ಆಸ್ಪತ್ರೆಗೋ, ನೇರವಾಗಿ ತುಮಕೂರಿನ ಜಿಲ್ಲಾ ಆಸ್ಪತ್ರೆಗೋ, ಅಥವಾ ಬೆಳ್ಳೂರಿನ ಮೆಡಿಕಲ್ ಕಾಲೇಜು ಆಸ್ಪತ್ರೆಗೋ? ಕೂಗು ಕೇಳಿ ಓಡಿಬಂದ ಅಕ್ಕಪಕ್ಕದವರು ಒಬ್ಬೊಬ್ಬರು ಒಂದೊಂದು ಊರು ಹೇಳುತ್ತಾರೆ. ಹೇಳುವವರಿಗೆಲ್ಲ ಕಾಳಜಿ ಇದೆ, ಖಚಿತ ಮಾಹಿತಿ ಯಾರ ಬಳಿಯೂ ಇಲ್ಲ. ಈ ರಾತ್ರಿ, ಈ ಗಂಟೆಯಲ್ಲಿ, ಯಾವ ಆಸ್ಪತ್ರೆಯಲ್ಲಿ ವಿಷನಿರೋಧಕ ಚುಚ್ಚುಮದ್ದಿನ ಎಷ್ಟು ಬಾಟಲಿಗಳಿವೆ? ಮೊದಲ ಸಲಕ್ಕೇ ಎಂಟರಿಂದ ಹತ್ತು ಬಾಟಲಿ ಬೇಕಾಗುತ್ತದೆ. ಎರಡೇ ಇರುವ ಕಡೆ ಹೋಗಿ ಅಲ್ಲಿಂದ ಮತ್ತೊಂದು ಊರಿಗೆ ಹೊರಡುವಷ್ಟರಲ್ಲಿ ವಿಷ ಮೂತ್ರಪಿಂಡಕ್ಕೆ ತಲುಪಿರುತ್ತದೆ.

ಗಮನಿಸಿ, ಈ ಮಾಹಿತಿ ಇಲ್ಲವೆಂದಲ್ಲ. ಬಾಟಲಿ ಎಷ್ಟಿವೆ ಎಂದು ಆಸ್ಪತ್ರೆಯ ಫಾರ್ಮಸಿಸ್ಟ್‌ಗೆ ಗೊತ್ತು. ರಾತ್ರಿ ಪಾಳಿಗೆ ಯಾವ ಡಾಕ್ಟರು ಬಂದಿದ್ದಾರೆಂದು ನರ್ಸಮ್ಮನಿಗೆ ಗೊತ್ತು. ಆಂಬುಲೆನ್ಸ್ ಎಲ್ಲಿದೆಯೆಂದು ಚಾಲಕನಿಗೆ ಗೊತ್ತು. ಮಳೆಗೆ ಯಾವ ಹಳ್ಳ ತುಂಬಿ ಯಾವ ರಸ್ತೆ ಕಟ್ಟಿಹೋಗಿದೆಯೆಂದು ಬೀಟ್ ಪೊಲೀಸಿಗೆ ಗೊತ್ತು. ಈ ನಾಲ್ವರಿಗೆ ಗೊತ್ತಿರುವುದು ಒಂದು ಮೇಜಿನ ಮೇಲೆ ಸೇರುವುದಿಲ್ಲ, ಅಷ್ಟೇ. ಹಾಗೆ ಸೇರಿಸುವ ಜಾಗಕ್ಕೆ ಸರ್ಕಾರಿ ಕಡತದಲ್ಲಿ ‘ತುರ್ತು ಕಾರ್ಯಾಚರಣೆ ಕೇಂದ್ರ’ ಎಂಬ ಉದ್ದನೆಯ ಹೆಸರಿದೆ. ಜನರ ಬಾಯಲ್ಲಿ ಅದು ಕಂಟ್ರೋಲ್ ರೂಂ. ಕೊರೊನಾ ಕಾಲದಲ್ಲಿ ವಾರ್ ರೂಂ ಆಯಿತು.

ಇದು ವಿದೇಶದಿಂದ ನಿನ್ನೆ ಮೊನ್ನೆ ಬಂದ ವಿಚಾರವೆಂದು ತಿಳಿಯಬೇಡಿ. ೧೮೯೮ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿಯಿತು. ಜನ ಊರು ಬಿಟ್ಟು ಓಡಿದರು. ಆಗ ಆಡಳಿತ ಮಾಡಿದ ಕೆಲಸಗಳನ್ನು ನೋಡಿ: ಒಬ್ಬ ಆರೋಗ್ಯಾಧಿಕಾರಿಯನ್ನು ನೇಮಿಸಿತು, ನಗರವನ್ನು ನಾಲ್ಕು ವಾರ್ಡುಗಳಾಗಿ ವಿಂಗಡಿಸಿತು, ಪ್ಲೇಗ್ ನಿವಾರಣೆಯ ಕೆಲಸ ಒಂದಕ್ಕೊಂದು ಹೊಂದಿಕೊಂಡು ನಡೆಯಲೆಂದು ಟೆಲಿಫೋನ್ ತಂತಿ ಎಳೆಸಿತು. ವಿಕ್ಟೋರಿಯಾ ಆಸ್ಪತ್ರೆ ಉದ್ಘಾಟನೆಯಾದದ್ದು ಆಮೇಲೆ, ೧೯೦೦ರಲ್ಲಿ. ಜವಾಬ್ದಾರಿಗೆ ಒಬ್ಬ ವ್ಯಕ್ತಿ, ಕೆಲಸಕ್ಕೆ ಗೊತ್ತುಪಡಿಸಿದ ಪ್ರದೇಶ, ಮಾತಿಗೆ ಒಂದು ತಂತಿ. ಇವತ್ತು ಗೋಡೆಯ ಮೇಲೆ ಎಷ್ಟು ಟೀವಿ ಪರದೆಗಳನ್ನು ತೂಗುಹಾಕಿದರೂ ಒಳಗಿನ ಸತ್ವ ಇಷ್ಟೇ.

ಈ ಮೂರರಲ್ಲಿ ಒಂದು ಕೈಕೊಟ್ಟರೆ ಏನಾಗುತ್ತದೆಂಬುದನ್ನು ನಮ್ಮ ರಾಜ್ಯ ೨೦೨೧ರ ಮೇ ೨ ಮತ್ತು ೩ರ ನಡುವಿನ ರಾತ್ರಿ ಚಾಮರಾಜನಗರದಲ್ಲಿ ಕಂಡಿತು. ಜಿಲ್ಲಾ ಆಸ್ಪತ್ರೆಯಲ್ಲಿ ೨೪ ಮಂದಿ ತೀರಿಕೊಂಡರು. ಆಮ್ಲಜನಕದ ಸಿಲಿಂಡರುಗಳು ಮೈಸೂರಿನಿಂದ ತುಂಬಿಸಿಕೊಂಡು ಬರಬೇಕಿತ್ತು. ಹೈಕೋರ್ಟ್ ಆದೇಶದಂತೆ ರಚನೆಯಾದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ಅಧ್ಯಕ್ಷತೆಯ ಸಮಿತಿ, ಆ ರಾತ್ರಿ ಆಸ್ಪತ್ರೆಯಲ್ಲಿ ಕೆಲವು ಗಂಟೆಗಳ ಕಾಲ ಆಮ್ಲಜನಕವೇ ಇರಲಿಲ್ಲವೆಂದು ಹೇಳಿತು. ಸಿಲಿಂಡರ್ ಕಳಿಸಬೇಕಾದವರು ಯಾರು, ತರಿಸಿಕೊಳ್ಳಬೇಕಾದವರು ಯಾರು ಎಂದು ಎರಡು ಜಿಲ್ಲೆಗಳ ನಡುವೆ ವಾದ ನಡೆದದ್ದು ಸಾವುಗಳಾದ ಮೇಲೆ. ಆಮ್ಲಜನಕ ಗಾಳಿಯಂತೆ ಮಾಯವಾಗುವ ವಸ್ತುವಲ್ಲ. ಒಂದು ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ, ಎಷ್ಟು ರೋಗಿಗಳಿದ್ದಾರೆ, ಲಾರಿ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂಬುದು ಹೈಸ್ಕೂಲು ಹುಡುಗ ಹಾಕಬಲ್ಲ ಲೆಕ್ಕ. ಮಧ್ಯಾಹ್ನ ಮೂರಕ್ಕೆ ಆ ಲೆಕ್ಕ ಹಾಕಿ, ಸಂಜೆ ಆರರೊಳಗೆ ಲಾರಿ ಹೊರಡಿಸುವ ಅಧಿಕಾರವಿದ್ದ ಒಬ್ಬರು ಒಂದು ಕೊಠಡಿಯಲ್ಲಿ ಕೂತಿರಬೇಕಿತ್ತು.

ಅದೇ ವೇಳೆ ಮುಂಬೈಯಲ್ಲಿ ಬೇರೆ ರೀತಿ ನಡೆಯಿತು. ಅಲ್ಲಿನ ಮಹಾನಗರಪಾಲಿಕೆ ತನ್ನ ೨೪ ವಾರ್ಡುಗಳಿಗೂ ಒಂದೊಂದು ವಾರ್ ರೂಂ ಮಾಡಿ, ಡಾಕ್ಟರು, ಫೋನಿನವರು, ಆಂಬುಲೆನ್ಸ್ ಎಲ್ಲವನ್ನೂ ಒಂದೇ ಕಡೆ ಸೇರಿಸಿತ್ತು. ಪರೀಕ್ಷೆಯ ವರದಿ ಲ್ಯಾಬಿನಿಂದ ಪಾಲಿಕೆಗೆ, ಅಲ್ಲಿಂದ ವಾರ್ಡಿಗೆ ಹೋಗುತ್ತಿತ್ತು. ವಾರ್ಡಿನವರೇ ರೋಗಿಗೆ ಫೋನ್ ಮಾಡುತ್ತಿದ್ದರು. ಹಾಸಿಗೆ ಹುಡುಕಿಕೊಂಡು ರೋಗಿ ಅಲೆಯುವುದನ್ನು ತಪ್ಪಿಸುವುದೇ ಉದ್ದೇಶ. ೨೦೨೧ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಈ ಕ್ರಮವನ್ನು ಮೆಚ್ಚಿ ಮಾತಾಡಿತು. ಬೆಂಗಳೂರಿನಲ್ಲಿ ಆಗಿನ ಬಿಬಿಎಂಪಿಯೂ ವಲಯಕ್ಕೊಂದು ವಾರ್ ರೂಂ ಮಾಡಿತ್ತು. ಆದರೆ ಹಾಸಿಗೆ ಬೇಕೆಂದವರು ಕರೆಂಟು ಹೋದಾಗ ಕರೆ ಮಾಡುವ ೧೯೧೨ಕ್ಕೇ ಫೋನ್ ಮಾಡಬೇಕಾಯಿತು! ಹಾಸಿಗೆ ಹಂಚಿಕೆಯ ಆರೋಪಗಳ ಗದ್ದಲವಂತೂ ನಿಮಗೆ ನೆನಪಿರುತ್ತದೆ. ಗದ್ದಲದ ಸತ್ಯಾಸತ್ಯ ಏನೇ ಇರಲಿ, ಯಾವ ಹಾಸಿಗೆಯನ್ನು ಯಾರಿಗೆ, ಎಷ್ಟು ಗಂಟೆಗೆ, ಯಾರ ಅಪ್ಪಣೆಯ ಮೇಲೆ ಕೊಟ್ಟರೆಂದು ಯಾರು ಬೇಕಾದರೂ ಓದಬಹುದಾದ ದಿನಚರಿ ಪುಸ್ತಕವಿದ್ದಿದ್ದರೆ ಅನುಮಾನಕ್ಕೆ ಅಷ್ಟು ಜಾಗ ಸಿಗುತ್ತಿರಲಿಲ್ಲ.

ಇಷ್ಟು ಓದಿದ ಮೇಲೆ ನೀವು ಕೇಳಬಹುದು, ಕಾನೂನು ಇಲ್ಲವೆ? ಇದೆ, ಬೇಕಾದಷ್ಟಿದೆ. ೨೦೦೫ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಸ್ಥಳೀಯ ಸಂಸ್ಥೆಯ ಚುನಾಯಿತ ಪ್ರತಿನಿಧಿ ಅದರ ಸಹ ಅಧ್ಯಕ್ಷರು. ತಮ್ಮ ಸಿಬ್ಬಂದಿಗೆ ತರಬೇತಿ ಕೊಡುವುದು ಸ್ಥಳೀಯ ಸಂಸ್ಥೆಗಳ ಕರ್ತವ್ಯವೆಂದೂ ಅದರಲ್ಲಿ ಬರೆದಿದೆ. ತುರ್ತಿನಲ್ಲಿ ಟೆಂಡರ್ ಕರೆಯದೆ ಔಷಧಿ, ಸಾಮಗ್ರಿ ಕೊಳ್ಳಲು ಅವಕಾಶವಿದೆ. ೨೦೧೦ರಲ್ಲಿ ರಾಷ್ಟ್ರೀಯ ಪ್ರಾಧಿಕಾರ ಇನ್ನೂ ಮುಂದೆ ಹೋಗಿ, ಆಪತ್ತಿನಲ್ಲಿ ಯಾರ ಕೆಲಸ ಯಾವುದು ಎಂಬ ಮಾರ್ಗಸೂಚಿ ಹೊರಡಿಸಿತು. ಅದರ ಮೂಲ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದೆ. ಅಲ್ಲಿ ೧೯೭೦ರಲ್ಲಿ ಹದಿಮೂರು ದಿನ ಉರಿದ ಕಾಡ್ಗಿಚ್ಚಿನಲ್ಲಿ ೧೬ ಜನ ಸತ್ತರು. ಬೆಂಕಿ ಆರಿಸಲು ಬಂದ ಹಲವು ಇಲಾಖೆಗಳಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುತ್ತಿರಲಿಲ್ಲ, ಎಲ್ಲರಿಗೂ ಸೇರಿ ಒಬ್ಬ ಯಜಮಾನನಿರಲಿಲ್ಲ. ಆ ಪಾಠದಿಂದ ಹುಟ್ಟಿದ ಪದ್ಧತಿಯಲ್ಲಿ ಕೆಲಸಗಳನ್ನು ಹೀಗೆ ಹಂಚುತ್ತಾರೆ: ಅಪ್ಪಣೆ ಕೊಡುವವರು ಒಬ್ಬರೇ, ಸ್ಥಳದಲ್ಲಿ ಕೆಲಸ ಮಾಡಿಸುವವರು ಒಬ್ಬರು, ಮುಂದಿನ ಆರು ಗಂಟೆಯಲ್ಲಿ ಏನಾದೀತೆಂದು ಯೋಚಿಸುವವರು ಒಬ್ಬರು, ವಾಹನ, ಔಷಧಿ, ಊಟ, ಡೀಸೆಲ್, ಹಣ ಒದಗಿಸುವವರು ಇನ್ನೊಬ್ಬರು. ಜನರಿಗೆ, ಪತ್ರಿಕೆಯವರಿಗೆ ಮಾಹಿತಿ ಕೊಡಲು ಒಂದೇ ಬಾಯಿ.

ನಮ್ಮ ಮದುವೆ ಮನೆಗಳಲ್ಲಿ ಇದೇ ನಡೆಯುತ್ತದಲ್ಲವೆ? ಉಗ್ರಾಣಕ್ಕೆ ಒಬ್ಬ, ಅಡಿಗೆಯವರ ಮೇಲೆ ಒಬ್ಬ, ಬೀಗರನ್ನು ನೋಡಿಕೊಳ್ಳಲು ಒಬ್ಬ. ಉಗ್ರಾಣದ ಬೀಗದ ಕೈ ಇಟ್ಟುಕೊಂಡವನು ಬಡಿಸಲು ಹೋದರೆ ತುಪ್ಪ ಬರುವುದು ತಡವಾಗುತ್ತದೆ. ಕಂಟ್ರೋಲ್ ರೂಮಿನಲ್ಲಿ ಇರಬೇಕಾದ ಅಧಿಕಾರಿ ಬೂಟು ಹಾಕಿಕೊಂಡು ಕೆರೆ ಏರಿಯ ಮೇಲೆ ಫೋಟೋಗೆ ನಿಂತರೆ ಆಗುವುದೂ ಅದೇ.

ಜಿಲ್ಲೆಗೆ ೧೦೭೭ ಎಂಬ ಸಂಖ್ಯೆ ಇದೆ, ಆಂಬುಲೆನ್ಸಿಗೆ ೧೦೮ ಇದೆ, ಎಲ್ಲ ತುರ್ತಿಗೂ ೧೧೨ ಇದೆ. ಮಳೆಗಾಲ ಬಂದಾಗ ತಾಲ್ಲೂಕು ಮಟ್ಟದ ಸಹಾಯವಾಣಿಯ ಪ್ರಕಟಣೆಯೂ ಪತ್ರಿಕೆಯಲ್ಲಿ ಬರುತ್ತದೆ. ಸಂಖ್ಯೆಗಳಿಗೆ ಕೊರತೆಯಿಲ್ಲ. ನನ್ನ ತಕರಾರು ಫೋನ್ ಎತ್ತುವವರ ಕೈಯಲ್ಲಿ ಏನಿದೆ ಎಂಬುದು. “ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಬಂದ ಮೇಲೆ ಹೇಳ್ತೀನಿ ಸ್ವಾಮಿ” ಎಂಬ ಉತ್ತರ ಬಂದರೆ ಅದು ಕಂಟ್ರೋಲ್ ರೂಂ ಅಲ್ಲ, ದೂರು ಬರೆದುಕೊಳ್ಳುವ ಪುಸ್ತಕ. ಪಾಳಿಯಲ್ಲಿ ಕೂತವರಿಗೆ, ಅವರು ಎಷ್ಟೇ ಕಿರಿಯರಿರಲಿ, ಮೂರು ಅಧಿಕಾರ ಲಿಖಿತವಾಗಿ ಇರಲೇಬೇಕು. ಯಾರನ್ನೂ ಕೇಳದೆ ಒಂದು ವಾಹನವನ್ನು ಕಳಿಸುವ ಅಧಿಕಾರ. ಒಂದು ಮಿತಿಯೊಳಗೆ ಡೀಸೆಲಿಗೆ, ಔಷಧಿಗೆ ಹಣ ಖರ್ಚು ಮಾಡುವ ಅಧಿಕಾರ. ಮೂರನೆಯದು, ಯಾವ ದೊಡ್ಡ ಅಧಿಕಾರಿಯನ್ನಾದರೂ ಅಪರಾತ್ರಿಯಲ್ಲಿ ಎಬ್ಬಿಸುವ ಅಧಿಕಾರ, ಎಬ್ಬಿಸಿದ್ದಕ್ಕೆ ಬೈಸಿಕೊಳ್ಳದಿರುವ ಭರವಸೆಯ ಸಮೇತ. ಮೂರನೆಯದೇ ಬಹಳ ಕಷ್ಟ ಎಂದು ಸರ್ಕಾರಿ ನೌಕರಿಯಲ್ಲಿರುವ ಓದುಗರು ಒಪ್ಪುತ್ತಾರೆ.

ಇನ್ನು ಸಿಬ್ಬಂದಿಯ ಲೆಕ್ಕ. ವಾರಕ್ಕೆ ೧೬೮ ಗಂಟೆ. ಒಬ್ಬ ನೌಕರ ವಾರಕ್ಕೆ ೪೮ ಗಂಟೆ ದುಡಿದರೆ ಒಂದೇ ಒಂದು ಕುರ್ಚಿಯನ್ನು ಹಗಲೂ ರಾತ್ರಿ ತುಂಬಲು ಮೂರೂವರೆ ಮಂದಿ ಬೇಕು. ರಜ, ಕಾಯಿಲೆ, ಹಬ್ಬ ಸೇರಿಸಿದರೆ ನಾಲ್ಕರಿಂದ ಐದು. ಒಬ್ಬ ಗುಮಾಸ್ತರನ್ನೂ ಒಬ್ಬ ಶಾಲಾ ಮೇಷ್ಟರನ್ನೂ ನಿಯೋಜಿಸಿ “ಇಪ್ಪತ್ತನಾಲ್ಕು ಗಂಟೆಯ ಕೇಂದ್ರ” ಎಂದು ಫಲಕ ಬರೆಸಿದರೆ ರಾತ್ರಿ ಎರಡು ಗಂಟೆಗೆ ಮೇಜಿನ ಮೇಲೆ ತಲೆಯಿಟ್ಟು ಮಲಗಿರುವ ಮನುಷ್ಯ ಸಿಗುತ್ತಾನೆ. ಅದು ಅವನ ತಪ್ಪಲ್ಲ. ನಿದ್ದೆಗೆಟ್ಟ ಮಿದುಳು ಕುಡಿದ ಮಿದುಳಿನಂತೆಯೇ ತಪ್ಪು ಮಾಡುತ್ತದೆ, ಇದು ವೈದ್ಯಶಾಸ್ತ್ರ ಹೇಳುವ ಮಾತು. ಎಂಟು ಗಂಟೆಗೆ ಪಾಳಿ ಬದಲಾಗಬೇಕು. ಬದಲಾಗುವಾಗ ಹೋಗುವವರೂ ಬರುವವರೂ ಹದಿನೈದು ನಿಮಿಷ ಒಟ್ಟಿಗೆ ಕೂತು ಪುಸ್ತಕ ಓದಬೇಕು. ಪ್ರತಿ ಹುದ್ದೆಗೂ ಒಬ್ಬ ಬದಲಿ, ಬದಲಿಗೊಬ್ಬ ಬದಲಿ, ಹೆಸರಿನ ಸಮೇತ ಗೋಡೆಯ ಮೇಲಿರಬೇಕು. ಹೊರಗಿನವರು ಮಾಡುವ ಫೋನ್ ಬೇರೆ, ಒಳಗಿನವರು ಮಾಡುವ ಫೋನ್ ಬೇರೆ ಇರಬೇಕು. ಕರೆಂಟು ಹೋದರೆ ಬ್ಯಾಟರಿ, ಮೊಬೈಲ್ ಗೋಪುರ ಕೈಕೊಟ್ಟರೆ ಪೊಲೀಸ್ ವೈರ್‌ಲೆಸ್ ಬೇಕು.

“ಇಷ್ಟು ಜನ ಎಲ್ಲಿಂದ ಬರುತ್ತಾರೆ? ಇರುವ ಹುದ್ದೆಗಳೇ ಖಾಲಿ ಬಿದ್ದಿವೆ” ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ತಾಲ್ಲೂಕಿಗೊಂದು ದೊಡ್ಡ ಕೇಂದ್ರ ಬೇಕೆಂದು ನಾನು ಹೇಳುತ್ತಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಸೇರಿ ಒಂದು ಕಂದಾಯ ಉಪವಿಭಾಗ, ಉಪವಿಭಾಗಾಧಿಕಾರಿಗಳ ಕಚೇರಿ ತಿಪಟೂರಿನಲ್ಲಿದೆ. ಮೂರು ತಾಲ್ಲೂಕಿಗೂ ಸೇರಿ ತಿಪಟೂರಿನಲ್ಲಿ ಒಂದೇ ಮೇಜು, ಐದು ಜನ, ದಿನನಿತ್ಯಕ್ಕೆ ಇಷ್ಟು ಸಾಕು. ಆ ಮೇಜನ್ನು ಎಲ್ಲಿಡಬೇಕು? ಕಚೇರಿ ಸಂಜೆಗೆ ಬೀಗ ಹಾಕಿಕೊಳ್ಳುತ್ತದೆ. ರಾತ್ರಿ ಬಾಗಿಲು ಮುಚ್ಚದ ಜಾಗಗಳು ಮೂರೇ: ಪೊಲೀಸ್ ಠಾಣೆ, ಅಗ್ನಿಶಾಮಕ ಠಾಣೆ, ಸರ್ಕಾರಿ ಆಸ್ಪತ್ರೆ. ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದ ಪಕ್ಕದಲ್ಲಿಡಿ ಎನ್ನುತ್ತೇನೆ ನಾನು. ಬರುವ ಕರೆಗಳಲ್ಲಿ ಹೆಚ್ಚಿನವು ಪ್ರಾಣಕ್ಕೆ ಸಂಬಂಧಿಸಿದವೇ ಆಗಿರುತ್ತವೆ, ಸಲಹೆ ಹೇಳಲು ಡಾಕ್ಟರು ಹತ್ತು ಹೆಜ್ಜೆ ದೂರದಲ್ಲಿರುತ್ತಾರೆ. ಕೆರೆ ಒಡೆದರೆ, ಜಾತ್ರೆಯಲ್ಲಿ ಊಟ ವಿಷವಾದರೆ ಆಗ ಮಾತ್ರ ತಹಸೀಲ್ದಾರರು, ತಾಲ್ಲೂಕು ಆರೋಗ್ಯಾಧಿಕಾರಿ, ಪಂಚಾಯಿತಿಯ ಕಾರ್ಯನಿರ್ವಹಣಾಧಿಕಾರಿ, ಪೊಲೀಸ್, ಬೆಸ್ಕಾಂ, ಲೋಕೋಪಯೋಗಿ ಇಲಾಖೆಯವರು ಬಂದು ಅದೇ ಮೇಜಿನ ಸುತ್ತ ಕೂರಬೇಕು. ದಿನವೂ ಉರಿಯುವ ಒಲೆಗೆ ನಾಲ್ಕು ಸೌದೆ ಜಾಸ್ತಿ ಹಾಕುವುದು ಸುಲಭ. ವರ್ಷಕ್ಕೊಮ್ಮೆ ಹಚ್ಚುವ ಒಲೆ ಬರೀ ಹೊಗೆ.

ಎಲ್ಲವನ್ನೂ ತುಮಕೂರಿನಿಂದಲೋ ಬೆಂಗಳೂರಿನಿಂದಲೋ ನಡೆಸಬಹುದಲ್ಲ ಎನ್ನುವವರಿದ್ದಾರೆ. ಎರಡು ಕಾರಣಕ್ಕೆ ನಾನು ಒಪ್ಪುವುದಿಲ್ಲ. ೧೦೮ ಸೇವೆ ೨೦೦೮ರ ನವೆಂಬರ್‌ನಲ್ಲಿ ಶುರುವಾದಾಗಿನಿಂದ ಎಷ್ಟೋ ಜೀವ ಉಳಿಸಿದೆ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ೨೦೨೨ರ ಸೆಪ್ಟೆಂಬರ್‌ನಲ್ಲಿ ಅದರ ಕಂಪ್ಯೂಟರ್ ವ್ಯವಸ್ಥೆ ಕೆಟ್ಟಾಗ ಇಡೀ ರಾಜ್ಯದ ಕರೆಗಳು ಏರುಪೇರಾದವು. ಅಂಥ ದಿನ ಬೇಕಾಗುವುದು ನಿಮ್ಮ ತಾಲ್ಲೂಕಿನ ವಾಹನ ಚಾಲಕರ ಹೆಸರುಗಳನ್ನು ಶಾಯಿಯಲ್ಲಿ ಬರೆದ ಹಾಳೆ. ಇನ್ನೊಂದು ಕಾರಣ ನಮ್ಮ ಸೀಮೆಯ ಭೂಗೋಳ. ತುರುವೇಕೆರೆ ಕಡೆಯ ರೋಗಿ ಹೋಗುವ ಬೆಳ್ಳೂರು ಇರುವುದು ಮಂಡ್ಯ ಜಿಲ್ಲೆಯಲ್ಲಿ. ತಿಪಟೂರಿನ ಎಷ್ಟೋ ಜನ ಹೋಗುವುದು ಹಾಸನಕ್ಕೆ. ರೋಗಿಗೆ ಜಿಲ್ಲೆಯ ಗಡಿ ಕಾಣುವುದಿಲ್ಲ, ಕಡತಕ್ಕೆ ಕಾಣುತ್ತದೆ. ತುಮಕೂರಿನ ಪರದೆಯ ಮೇಲೆ ಹಾಸನದ ಖಾಲಿ ಹಾಸಿಗೆ ತಾನಾಗಿ ಮೂಡುವುದಿಲ್ಲ. ಚಾಮರಾಜನಗರದ ಸಿಲಿಂಡರುಗಳು ಸಿಕ್ಕಿಹಾಕಿಕೊಂಡದ್ದು ಇಂಥ ಗಡಿಯಲ್ಲೇ. ಮೂರೂ ಜಿಲ್ಲೆಯ ಆಸ್ಪತ್ರೆಗಳಿಗೆ ದಿನಕ್ಕೆ ಎರಡು ಸಲ ಫೋನ್ ಮಾಡಿ ಹಾಸಿಗೆ, ವೆಂಟಿಲೇಟರ್, ವಿಷನಿರೋಧಕದ ಲೆಕ್ಕ ಬರೆದಿಟ್ಟುಕೊಳ್ಳುವುದು ತಿಪಟೂರಿನ ಮೇಜಿನ ಮೊದಲ ಕೆಲಸವಾಗಬೇಕು. ೨೦೨೪ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ. ಆದ್ದರಿಂದ ಈ ಲೆಕ್ಕ ಕೇಳುವುದು ಯಾರಿಗೂ ಹೊರೆಯಾಗಬಾರದು.

ಅಂಥ ಮೇಜಿನಿಂದ ಇನ್ನೊಂದು ದೊಡ್ಡ ಪ್ರಯೋಜನವಿದೆ. ವಾಹನ ಬರುವ ಮೊದಲೇ ಚಿಕಿತ್ಸೆ ಫೋನಿನಲ್ಲಿ ಶುರುವಾಗುತ್ತದೆ. ಹಾವು ಕಡಿದವರನ್ನು ನಡೆಸಬೇಡಿ, ಕೈಕಾಲು ಅಲುಗಿಸದೆ ಮಲಗಿಸಿ, ಗಾಯ ಕೊಯ್ಯಬೇಡಿ, ಬಿಗಿಯಾಗಿ ಹಗ್ಗ ಕಟ್ಟಬೇಡಿ, ಹಾವನ್ನು ಹುಡುಕುತ್ತಾ ಹೊತ್ತು ಕಳೆಯಬೇಡಿ. ಮರದಿಂದ ಬಿದ್ದವನನ್ನು ಕಂಕುಳಿಗೆ ಕೈಹಾಕಿ ಎತ್ತಿ ಆಟೋದಲ್ಲಿ ಮಡಿಸಿ ಕೂರಿಸಬೇಡಿ. ಮುರಿದ ಬೆನ್ನುಮೂಳೆ ಆಗಲೇ ನರವನ್ನು ಕತ್ತರಿಸುವುದು. ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ನಾಲ್ಕು ಜನ ಸೇರಿ ಅಗಲ ಹಲಗೆಗೆ ಸರಿಸಿ. ಕೀಟನಾಶಕ ಕುಡಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಬಾಟಲಿಯನ್ನು ಜೊತೆಯಲ್ಲಿ ತನ್ನಿ. ಈ ಮಾತುಗಳನ್ನು ಇಲ್ಲಿ ಓದುವಾಗ ಸುಲಭ. ಅಳುವಿನ ನಡುವೆ ಒಂದೂ ನೆನಪಿಗೆ ಬರುವುದಿಲ್ಲ. ಆ ಹೊತ್ತಿನಲ್ಲಿ ಕಿವಿಯಲ್ಲಿ ಒಂದು ಶಾಂತವಾದ ದನಿ ಹೇಳುತ್ತಿರಬೇಕು.

ಹಳ್ಳಿಯ ಮಟ್ಟದಲ್ಲಿ ಏನಿರಬೇಕು? ೨೦೨೦ರಲ್ಲಿ ಗ್ರಾಮ ಪಂಚಾಯಿತಿಗೊಂದು ಕೊರೊನಾ ಕಾರ್ಯಪಡೆ ಮಾಡಿದ್ದರು. ಹೊರಗಿನಿಂದ ಯಾರು ಬಂದರು, ಯಾವ ಮನೆಯಲ್ಲಿ ವಯಸ್ಸಾದವರಿದ್ದಾರೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಆ ಪಟ್ಟಿಗಳನ್ನು ಹಾಳುಮಾಡದೆ ಮುಂದುವರಿಸಬೇಕು: ಡಯಾಲಿಸಿಸ್‌ಗೆ ಹೋಗುವವರು, ದಿನ ತುಂಬಿದ ಬಸುರಿಯರು, ಹಾಸಿಗೆ ಹಿಡಿದವರು; ಜೀಪು, ಟ್ರಾಕ್ಟರ್ ಇರುವವರು; ಈಜು ಬಲ್ಲವರು; ಮರದ ಮೇಲೆ ಪ್ರಜ್ಞೆ ತಪ್ಪಿ ಸಿಕ್ಕಿಕೊಂಡವರನ್ನು ಹಗ್ಗದಲ್ಲಿ ಇಳಿಸಬಲ್ಲ ಮರ ಹತ್ತುವವರು. ಪಿಡಿಒ ಮತ್ತು ಗ್ರಾಮ ಆಡಳಿತಾಧಿಕಾರಿ ಇದಕ್ಕೆ ಜವಾಬ್ದಾರರಾಗಲಿ. ಎಲ್ಲವನ್ನೂ ಆಶಾ ಕಾರ್ಯಕರ್ತೆಯ ತಲೆಗೆ ಕಟ್ಟುವ ಅಭ್ಯಾಸ ಬಿಡಬೇಕು. ಕೊರೊನಾದ ನಡುವೆಯೇ, ೨೦೨೦ರ ಜುಲೈನಲ್ಲಿ, ಆ ಹೆಣ್ಣುಮಕ್ಕಳು ತಿಂಗಳಿಗೆ ೧೨,೦೦೦ ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಬೇಕಾಯಿತೆಂಬುದನ್ನು ಮರೆಯಬಾರದು. ದುಡಿಸಿಕೊಂಡರೆ ಕೂಲಿ ಕೊಡಬೇಕು.

ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮುಂಚೆ ಒಮ್ಮೆ ಮತ್ತು ದೊಡ್ಡ ಜಾತ್ರೆಗೆ ಮುಂಚೆ ಒಮ್ಮೆ, ರಾತ್ರಿ ವೇಳೆ ತಾಲೀಮು ನಡೆಸಬೇಕು. ಹಗಲು ಹನ್ನೊಂದಕ್ಕೆ ಶಾಮಿಯಾನ ಹಾಕಿ, ಭಾಷಣ ಮಾಡಿ, ಉಪ್ಪಿಟ್ಟು ತಿಂದು ಮುಗಿಸುವ ತಾಲೀಮಿನಲ್ಲಿ ಯಾರ ಫೋನ್ ಸ್ವಿಚ್ ಆಫ್ ಆಗಿರುತ್ತದೆಂದು ತಿಳಿಯುವುದಿಲ್ಲ.

ನೀವು ಮಾಡಬಹುದಾದದ್ದೂ ಇದೆ. ೧೦೮ಕ್ಕೆ ಸುಮ್ಮನೆ ಕರೆಮಾಡಿ ಪರೀಕ್ಷಿಸಬೇಡಿ, ಆ ಹೊತ್ತಿನಲ್ಲಿ ಇನ್ಯಾರಿಗೋ ಅದು ಬೇಕಾಗಿರುತ್ತದೆ. ಮುಂದಿನ ಗ್ರಾಮಸಭೆಗೆ ಹೋಗಿ. ಚರಂಡಿ, ಬೀದಿದೀಪದ ಮಾತು ಮುಗಿದ ಮೇಲೆ ಎದ್ದು ನಿಂತು ಪಂಚಾಯಿತಿಯವರನ್ನೂ ಆರೋಗ್ಯ ಇಲಾಖೆಯವರನ್ನೂ ಮೂರು ಪ್ರಶ್ನೆ ಕೇಳಿ. ನಮಗೆ ಹತ್ತಿರದ ಆಸ್ಪತ್ರೆಯಲ್ಲಿ ಇವತ್ತು ಹಾವಿನ ವಿಷನಿರೋಧಕ ಎಷ್ಟು ಬಾಟಲಿ ಇದೆ? ರಾತ್ರಿ ಎರಡು ಗಂಟೆಗೆ ತಾಲ್ಲೂಕಿನ ಸಹಾಯವಾಣಿಯ ಫೋನ್ ಎತ್ತುವವರ ಹೆಸರೇನು? ಅವರು ಯಾರನ್ನೂ ಕೇಳದೆ ಒಂದು ವಾಹನ ಕಳಿಸಬಲ್ಲರೆ? “ಸಾಕಷ್ಟಿದೆ”, “ವ್ಯವಸ್ಥೆ ಮಾಡಲಾಗಿದೆ” ಎಂಬ ಉತ್ತರ ಬಂದರೆ ಕೂತುಕೊಳ್ಳಬೇಡಿ. ಸಂಖ್ಯೆ ಕೇಳಿ, ಹೆಸರು ಕೇಳಿ, ಹೌದು ಅಥವಾ ಇಲ್ಲ ಎನ್ನಿಸಿ, ತಾರೀಖಿನ ಸಮೇತ ನಡವಳಿ ಪುಸ್ತಕದಲ್ಲಿ ಬರೆಸಿ.